ಎಚ್ಚರಿಸುವ ದೀಪ ಕೊಟ್ಟ ಹಂಫ್ರಿ ಡೇವಿ

ಮಕ್ಕಳೇ, ದೀಪ ಬೆಳಕು ಕೊಡುತ್ತದೆ ಎಂಬುದು ನಿಮಗೆ ಗೊತ್ತು. ಅನಿಲ ಸೋರಿದೆ ಎಂದು ಎಚ್ಚರಿಸುವ ದೀಪವೂ ಒಂದಿತ್ತು. ಅದನ್ನು ರೂಪಿಸಿದವರು ಹಂಫ್ರಿ ಡೇವಿ.

ಡೇವಿ 1778ರ ಡಿಸೆಂಬರ್ 17ರಂದು ಇಂಗ್ಲೆಂಡಿನ ಪೆನ್ಜಾನ್ಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಮರಗೆತ್ತನೆಯ ಕೆಲಸಗಾರ. 1794ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಡೇವಿ ಊರಿನ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಅಲ್ಲಿಯೇ ರಸಾಯನಶಾಸ್ತ್ರದ ರುಚಿ ಹತ್ತಿತು.

1798ರಲ್ಲಿ ಅವರು ಬ್ರಿಸ್ಟಲ್ ನಗರದ ಪ್ರಯೋಗಾಲಯಕ್ಕೆ ಹೋದರು. ಅನಿಲಗಳಿಂದ ರೋಗ ವಾಸಿಯಾಗುವುದೇ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಡೇವಿ ಅನಿಲಗಳನ್ನು ತಾವೇ ಸೇವಿಸಿ ನೋಡಿದರು. ನಗೆ ಅನಿಲದ ಗುಣ ತಿಳಿದದ್ದು ಹೀಗೆ. ಆದರೆ ಇನ್ನೊಂದು ವಿಷಾನಿಲ ಸೇವಿಸಿ ಸಾಯುವಂತಾಗಿದ್ದರು. ನೀವು ಯಾವ ಅನಿಲವನ್ನೂ ಹೀಗೆ ಪರೀಕ್ಷಿಸಬೇಡಿ!

1801ರಲ್ಲಿ ಡೇವಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದರು. ಆಗಷ್ಟೇ ವೋಲ್ಟಾ ಬ್ಯಾಟರಿಯನ್ನು ಕಂಡುಹಿಡಿದಿದ್ದರು. ಅಂಥ ಬ್ಯಾಟರಿಯಿಂದ ವಿದ್ಯುತ್ ಹರಿಸಿ 1807ರಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ, 1808ರಲ್ಲಿ ಕ್ಯಾಲ್ಸಿಯಂ ಮುಂತಾದ ಧಾತುಗಳನ್ನು ಡೇವಿ ಬೇರ್ಪಡಿಸಿದರು. 1813ರಲ್ಲಿ ಮೈಕೇಲ್ ಫ್ಯಾರಡೆ ಅವರಿಗೆ ಸಹಾಯಕರಾದರು.

ಆ ಕಾಲದ ಕಲ್ಲಿದ್ದಲು ಗಣಿಗಳಲ್ಲಿ ಬೆಳಕಿಗೆ ಮೇಣದಬತ್ತಿಯನ್ನೂ ಬಳಸುತ್ತಿದ್ದರು. ಕಲ್ಲಿದ್ದಲಿನಿಂದ ಮೀಥೇನ್ ಅನಿಲ ಹೊರಬರುತ್ತದೆ. ಅದು ಗಾಳಿಯೊಡನೆ ಬೆರೆತಾಗ ಬೆಂಕಿ ತಗುಲಿದರೆ ಸ್ಫೋಟವಾಗಬಹುದು. 1812ರ ಮೇ 25ರಂದು ಫೆಲ್ಲಿಂಗ್ ಎಂಬಲ್ಲಿನ ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತರು. ಅವರಲ್ಲಿ ನಿಮ್ಮ ವಯಸ್ಸಿನ ಹುಡುಗರೂ ಇದ್ದರು.

1815ರಲ್ಲಿ ಈ ಸಮಸ್ಯೆ ಡೇವಿಯವರ ಮುಂದೆ ಬಂತು. ಅವರು ದೀಪದ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಕೂರಿಸಿದರು. ಗಾಳಿ ಬಲೆಯೊಳಗೆ ಹೋಗುತ್ತದೆ. ಆದರೆ ಲೋಹದ ತಂತಿ ಜ್ವಾಲೆಯ ಶಾಖವನ್ನು ಬೇಗ ಹೀರಿ ಹರಡಿಬಿಡುತ್ತದೆ. ಹೊರಗಿನ ಅನಿಲ ಹೊತ್ತಿಕೊಳ್ಳುವಷ್ಟು ಕಾಯುವುದಿಲ್ಲ. ಮೀಥೇನ್ ಇದ್ದರೆ ಜ್ವಾಲೆಯ ಮೇಲೆ ನೀಲಿ ಟೋಪಿಯಂತೆ ಬೆಳಕು ಕಾಣುತ್ತದೆ. ಆಮ್ಲಜನಕ ತೀರಾ ಕಡಿಮೆಯಾದರೆ ದೀಪವೇ ಆರುತ್ತದೆ. ಇದೇ ಗಣಿಯ ಎಚ್ಚರಿಕೆಯ ಗಂಟೆ! ಅದೇ ಕಾಲದಲ್ಲಿ ಕ್ಲಾನಿ ಮತ್ತು ಸ್ಟೀಫನ್‌ಸನ್ ಎಂಬುವರೂ ಸುರಕ್ಷಾ ದೀಪಗಳನ್ನು ಮಾಡಿದ್ದರು. ಡೇವಿ ತಮ್ಮ ದೀಪಕ್ಕೆ ಪೇಟೆಂಟ್ ಪಡೆಯಲಿಲ್ಲ. ಎಲ್ಲರೂ ಅದನ್ನು ಬಳಸಲಿ ಎಂದು ಬಿಟ್ಟುಕೊಟ್ಟರು.

ಆದರೂ ಗಣಿ ಸ್ಫೋಟಗಳು ನಿಲ್ಲಲಿಲ್ಲ. ಬಲೆಯ ಒಂದು ತಂತಿ ತುಕ್ಕು ಹಿಡಿದು ಮುರಿದರೂ ಜ್ವಾಲೆ ಹೊರನುಗ್ಗುತ್ತಿತ್ತು. ಗಾಳಿ ಜೋರಾಗಿ ಬೀಸಿದರೂ ಅಪಾಯವೇ. ದೀಪವಿದೆ ಎಂಬ ಧೈರ್ಯದಿಂದ ಅನಿಲ ಹೆಚ್ಚಿದ್ದ ಕಡೆಗೂ ಕೆಲಸಗಾರರನ್ನು ಇಳಿಸಿದರು. ಉಪಕರಣ ಇದ್ದರೆ ಸಾಲದು, ಅದು ಸರಿಯಾಗಿರಬೇಕು. ಅದು ಕೊಡುವ ಸೂಚನೆಯನ್ನೂ ಪಾಲಿಸಬೇಕು.

ಡೇವಿ 1829ರ ಮೇ 29ರಂದು ಜಿನೀವಾದಲ್ಲಿ ನಿಧನರಾದರು. ಇಂದು ಅವರ ದೀಪದ ಕೆಲಸವನ್ನು ವಿದ್ಯುತ್ತಿನಿಂದ ನಡೆಯುವ ಅನಿಲ ಸೂಚಕಗಳು ಮಾಡುತ್ತವೆ. ಅಡುಗೆ ಮನೆಗಳಲ್ಲೂ, ಒಳಗೇ ಒಲೆಯಿರುವ ಪ್ರವಾಸಿ ವಾಹನಗಳಲ್ಲೂ ಇವುಗಳನ್ನು ಅಳವಡಿಸುತ್ತಾರೆ. ಮೀಥೇನ್ ಗಾಳಿಗಿಂತ ಹಗುರ, ಮೇಲೇರುತ್ತದೆ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಆದ್ದರಿಂದ ಅದರ ಸೂಚಕವನ್ನು ನೆಲಕ್ಕೆ ಸಮೀಪ ಇಡುತ್ತಾರೆ. ಸೂಚಕ ಕೂಗಿದರೆ ಅನಿಲ ಸೋರಿದೆ ಎಂದೇ ಮೊದಲು ತಿಳಿಯಬೇಕು. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಬ್ಯಾಟರಿ ಇಳಿದಿದೆಯೇ, ತಂತಿ ಸಡಿಲವಾಗಿದೆಯೇ ಎಂದು ದೊಡ್ಡವರು ನೋಡಬೇಕು. ಸದ್ದು ಕಿರಿಕಿರಿ ಎಂದು ತಂತಿ ಕಿತ್ತರೆ, ಹರಿದ ಬಲೆಯ ದೀಪ ಹಿಡಿದು ಗಣಿಗೆ ಇಳಿದಂತೆ!

ಕುಷ್ಟಗಿಯಿರಲಿ, ಯಲಬುರ್ಗಾ ಇರಲಿ, ಗಂಗಾವತಿಯಿರಲಿ, ನಿಮ್ಮ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಸೂಚಕ ಇಲ್ಲದಿರಬಹುದು. ನಿಮ್ಮ ಮೂಗು ಇದೆಯಲ್ಲ! ಸೋರಿಕೆ ತಿಳಿಯಲೆಂದೇ ಅಡುಗೆ ಅನಿಲಕ್ಕೆ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ. ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹಾರಬಹುದು. ಕಡ್ಡಿ ಗೀರಬೇಡಿ. ಹೊರಗೆ ಬಂದು ಶಿಕ್ಷಕರಿಗೆ, ಅಡುಗೆಯವರಿಗೆ ತಕ್ಷಣ ತಿಳಿಸಿ. ರೆಗ್ಯುಲೇಟರ್ ಮುಚ್ಚುವುದು, ಬಾಗಿಲು ಕಿಟಕಿ ತೆರೆಯುವುದು ದೊಡ್ಡವರ ಕೆಲಸ. ಹೊರಗೆ ನಿಂತು 1906ಕ್ಕೆ ಕರೆ ಮಾಡಲು ಅವರಿಗೆ ನೆನಪಿಸಿ.