ಕನ್ನಡಿ ಇಲ್ಲದ ಲೇಸರ್ ಮತ್ತು ರಾಮನ್

ನಮ್ಮ ಸುಂಕದಕಟ್ಟೆಯಲ್ಲಿ ಕಂಬದಿಂದ ಕಂಬಕ್ಕೆ ನೇತಾಡೋ ಫೈಬರ್ ಕೇಬಲ್ ಕಂಡಾಗೆಲ್ಲ ನನಗೆ ಸಿ.ವಿ. ರಾಮನ್ ನೆನಪಾಗ್ತಾರೆ. 1888ರಲ್ಲಿ ತಿರುಚ್ಚಿಯಲ್ಲಿ ಹುಟ್ಟಿದವರು. ಕಲ್ಕತ್ತಾದಲ್ಲಿದ್ದ ಒಳ್ಳೆ ಸಂಬಳದ ಸರ್ಕಾರಿ ನೌಕರಿಯನ್ನ 1917ರಲ್ಲಿ ಬಿಟ್ಟು ಕಡಿಮೆ ಸಂಬಳಕ್ಕೆ ಪ್ರೊಫೆಸರ್ ಆದರು. (ನಮ್ಮನೇಲಾದ್ರೆ ಒಪ್ತಾನೇ ಇರ್ಲಿಲ್ಲ!)

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವಾಗ ಸಮುದ್ರದ ನೀಲಿ ಅವರನ್ನು ಕಾಡಿತು. ಅದು ಆಕಾಶದ ಪ್ರತಿಬಿಂಬ ಅಂತ ಲಾರ್ಡ್ ರೇಲಿ ಹೇಳಿದ್ದರು. ರಾಮನ್ ಪೋಲರೈಸ್ ಮಾಡುವ ನಿಕಾಲ್ ಪ್ರಿಸಂ ಹಿಡಿದು ಪ್ರತಿಫಲನವನ್ನು ತಡೆದರು. ನೀಲಿ ಹೋಗಲಿಲ್ಲ, ನೀರೇ ಬೆಳಕು ಚದುರಿಸ್ತಿತ್ತು. ಅದೇ ಜಾಡು ಹಿಡಿದು 1928ರ ಫೆಬ್ರವರಿ 28ಕ್ಕೆ, ಚದುರಿದ ಬೆಳಕಲ್ಲಿ ಅತಿ ಸಣ್ಣ ಪಾಲು ಬಣ್ಣವನ್ನೇ ಬದಲಿಸುತ್ತೆ ಅಂತ ಕಂಡರು. ಜೊತೆಗೆ ದುಡಿದ ಕೆ.ಎಸ್. ಕೃಷ್ಣನ್ ಹೆಸರನ್ನ ನಮಗ್ಯಾರೂ ಹೇಳಲೇ ಇಲ್ಲ. 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ನಿರ್ದೇಶಕರಾಗಿ ಬಂದು, ಜಗಳಗಳಾಗಿ 1937ರಲ್ಲಿ ಆ ಕುರ್ಚಿ ಬಿಟ್ಟರು.

ಆ ಸಣ್ಣ ಪಾಲೇ ಇವತ್ತು ರ‍್ಯಾಂಡಮ್ ಫೈಬರ್ ಲೇಸರ್‌ನ ಜೀವ. ಅದಕ್ಕೆ ಕನ್ನಡಿ ಬೇಕಿಲ್ಲ. ಗಾಜಿನೊಳಗೆ ರೇಲಿ ಹೇಳಿದ ಚದುರುವಿಕೆ ಬೆಳಕನ್ನ ಹಿಂದಕ್ಕೆ ಕಳಿಸುತ್ತೆ, ರಾಮನ್ ಪರಿಣಾಮ ಅದನ್ನ ಬೆಳೆಸುತ್ತೆ. ಪವರ್ ಏರಿಸಿದಂತೆ ಬಣ್ಣದ ಪಟ್ಟಿ ಅಗಲವಾಗುತ್ತೆ. ಅದನ್ನ ಕಿರಿದಾಗಿ, ಒಂದೇ ಪೋಲರೈಸೇಶನ್‌ನಲ್ಲಿ ಹಿಡಿದಿಡೋದೇ ಕಷ್ಟದ ಕೆಲಸ. ಅದೇ ಐಐಎಸ್‌ಸಿಯಲ್ಲಿ ಈಗ ರಾಮನ್ ಫೈಬರ್ ಲೇಸರ್‌ಗಳ ಪವರ್ ಏರಿಸೋ ಸಂಶೋಧನೆ ನಡೆದಿದೆ.

ರಾಮನ್ ತೀರಿಕೊಂಡದ್ದು 1970ರ ನವೆಂಬರ್ 21ರಂದು. ಬೆಳಕು ಹೆಚ್ಚು ಸೋರದ ಗಾಜಿನ ಎಳೆ ಅಮೆರಿಕದಲ್ಲಿ ತಯಾರಾಗಿದ್ದೂ ಅದೇ ವರ್ಷ.