ಚಹದ ಬಟ್ಟಲಿನ ಆಚಾರ್ಯ ಸೆನ್ ನೊ ರಿಕ್ಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಬಂದವರಿಗೆ ಮೊದಲು ಕಾಲಿಗೆ ನೀರು, ಬಳಿಕ ಬೆಲ್ಲ ನೀರು, ಅದರ ಹಿಂದೆಯೇ ಕಾಫಿ ಎಂಬ ಕ್ರಮವನ್ನು ಬಲ್ಲ ವಾಚಕರಿಗೆ, ಅತಿಥಿಗೆ ಒಂದು ಬಟ್ಟಲು ಪಾನೀಯವನ್ನು ಕೊಡುವುದನ್ನೇ ಜನ್ಮದ ವಿದ್ಯೆಯನ್ನಾಗಿ ಮಾಡಿಕೊಂಡು, ಕಡೆಗೆ ಪ್ರಭುವಿನ ಆಜ್ಞೆಯಿಂದ ಪ್ರಾಣವನ್ನು ತೆತ್ತ ಜಪಾನಿನ ಸೆನ್ ನೊ ರಿಕ್ಯೂವಿನ ಚರಿತ್ರೆಯು ಅಪರಿಚಿತವೆನಿಸಲಾರದು.

ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದ 1522ನೆಯ ಇಸವಿಯಲ್ಲಿ, ಸಕಾಯಿ ಎಂಬ ರೇವುಪಟ್ಟಣದ ವರ್ತಕರ ಮನೆಯಲ್ಲಿ ಈತನು ಜನಿಸಿದನು. ತಕೆನೊ ಜೋಓ ಎಂಬಾತನಲ್ಲಿ ಚಹದ ವಿದ್ಯೆಯನ್ನೂ, ಝೆನ್ ಮಠಗಳಲ್ಲಿ ಧ್ಯಾನವನ್ನೂ ಅಭ್ಯಾಸ ಮಾಡಿದನು. ಝೆನ್ ಎಂಬುದು ನಮ್ಮ ಧ್ಯಾನ ಶಬ್ದವೇ ಚೀನದ ಮಾರ್ಗವಾಗಿ ಹೋಗಿ ರೂಪಾಂತರ ಹೊಂದಿದುದು. ಚಹದ ಎಲೆಯನ್ನು ಬೀಸಿದ ಹಸುರು ಪುಡಿಯನ್ನು ಬಿಸಿನೀರಿನಲ್ಲಿ ಬಿದಿರಿನ ಕುಂಚದಿಂದ ಕಡೆದು ಕೊಡುವುದು ಅಲ್ಲಿಯ ಪದ್ಧತಿ, ಹಾಲಿಲ್ಲ, ಸಕ್ಕರೆಯಿಲ್ಲ. ಸಂನ್ಯಾಸಿಗಳು ಚೀನದಿಂದ ತಂದ ಈ ಆಚಾರವು ಶ್ರೀಮಂತರ ಕೈಗೆ ಸಿಕ್ಕಿ, ಚೀನದ ಬೆಲೆಬಾಳುವ ಪಾತ್ರೆಗಳನ್ನು ಮೆರೆಸುವ ಆಡಂಬರವಾಗಿತ್ತು. ಅದನ್ನು ಸರಳಗೊಳಿಸುವ ಕಾರ್ಯವನ್ನು ಹಿಂದಿನ ಗುರುಗಳು ಆರಂಭಿಸಿದ್ದರು, ಪೂರ್ಣಗೊಳಿಸಿದವನು ರಿಕ್ಯೂ.

ಯಮಜಾಕಿಯಲ್ಲಿ ಈತನದೆಂದು ಪ್ರಸಿದ್ಧವಾದ ತಾಯ್‌ಆನ್ ಎಂಬ ಚಹದ ಕೋಣೆಯು ಇಂದಿಗೂ ಇದೆ. ಎರಡು ಚಾಪೆಗಳಷ್ಟು ಸ್ಥಳ, ಮಣ್ಣಿನ ಗೋಡೆ, ಸುಮಾರು ಎರಡೂವರೆ ಅಡಿಯ ಬಾಗಿಲು. ಸೇನಾಪತಿಯೇ ಬರಲಿ, ಕತ್ತಿಯನ್ನು ಹೊರಗಿಟ್ಟು ಮಂಡಿಯೂರಿ ಒಳಗೆ ನುಸುಳಬೇಕು.

ಬಟ್ಟಲಿನ ವಿಷಯದಲ್ಲಿ ಆತನು ಮಾಡಿದ್ದು ಇನ್ನೂ ದೊಡ್ಡದು. ಚೀನದ ಪಿಂಗಾಣಿಯನ್ನು ಬದಿಗಿಟ್ಟು, ಕ್ಯೋಟೋವಿನ ಚೋಜಿರೋ ಎಂಬವನಿಂದ ಬಟ್ಟಲುಗಳನ್ನು ಮಾಡಿಸಿದನು. ಈ ಚೋಜಿರೋ ಹೆಂಚಿನ ಕೆಲಸದವನೆಂದು ಪ್ರತೀತಿ. 1574ರಲ್ಲಿ ಅವನು ಮಾಡಿದ ಮಣ್ಣಿನ ಸಿಂಹವೊಂದು ಉಳಿದಿದೆ. ನಮ್ಮ ಕುಂಬಾರನು ನಾಡಹೆಂಚನ್ನು ಸಹ ತಿಗರಿಯ ಮೇಲೆಯೇ ಎತ್ತುತ್ತಿದ್ದನು. ಚೋಜಿರೋ ಬಟ್ಟಲಿಗೆ ಕೂಡ ತಿಗರಿಯನ್ನು ಮುಟ್ಟದೆ, ಅಂಗೈಯಲ್ಲಿ ಒತ್ತಿ, ಕೆರೆದು ರೂಪಿಸಿದನು. ಕಪ್ಪು ಬಟ್ಟಲನ್ನು ಕೆಂಡದಂತಿರುವಾಗಲೇ ಇಕ್ಕಳದಿಂದ ಒಲೆಯಿಂದ ಹೊರಗೆಳೆಯುವುದು ಕ್ರಮ. ದಪ್ಪನಾದ ಮೆದು ಮಣ್ಣಾದುದರಿಂದ ಚಹವು ಬೇಗ ಆರದು, ಹಿಡಿದ ಕೈಯೂ ಸುಡದು. ಇವಕ್ಕೆ ರಾಕು ಎಂದು ಹೆಸರು.

ಓದಾ ನೊಬುನಾಗನ ಬಳಿಯಲ್ಲಿದ್ದ ರಿಕ್ಯೂ, 1582ರಲ್ಲಿ ಅವನು ಮಡಿದ ಮೇಲೆ ಹಿದೆಯೋಶಿಯ ಆಶ್ರಯಕ್ಕೆ ಬಂದನು. 1585ರಲ್ಲಿ ಚಕ್ರವರ್ತಿಯ ಅರಮನೆಯಲ್ಲಿ ಚಹದ ಸೇವೆ ನಡೆದಾಗ ರಿಕ್ಯೂ ಎಂಬ ಬಿರುದು ದೊರೆಯಿತು. ಹಿದೆಯೋಶಿಯಾದರೋ ಬಡವರ ಮನೆಯಲ್ಲಿ ಹುಟ್ಟಿ ದೇಶವನ್ನೇ ಗೆದ್ದವನು; 1586ರಲ್ಲಿ ಚಿನ್ನದ ತಗಡು ಹೊದಿಸಿದ ಚಹದ ಕೋಣೆಯನ್ನು ಮೆರೆಸಿದನು. ಮರುವರ್ಷ ಕಿತಾನೊ ದೇವಾಲಯದ ಬಯಲಿನಲ್ಲಿ ರೈತರಿಗೂ ಕರೆಯಿತ್ತು ಚಹದ ಮಹಾಕೂಟವನ್ನು ನಡೆಸಿದ್ದೂ ಅವನೇ. ರಿಕ್ಯೂವಿನ ತೋಟದ ಹೂವುಗಳ ಖ್ಯಾತಿಯನ್ನು ಕೇಳಿ ನೋಡಬಂದ ಅವನಿಗೆ ತೋಟವೆಲ್ಲ ಬರಿದಾಗಿ, ಕೋಣೆಯಲ್ಲಿ ಒಂದೇ ಒಂದು ಹೂವು ಕಂಡಿತೆಂದು ಕಥೆಯುಂಟು. ಇಂತಹ ಪಾಠವನ್ನು ಪ್ರಭುಗಳು ಎಷ್ಟು ದಿನ ಸಹಿಸಿಯಾರು?

ದೈತೊಕುಜಿ ಮಠದ ಮಹಾದ್ವಾರದ ಉಪ್ಪರಿಗೆಯಲ್ಲಿ ರಿಕ್ಯೂವಿನ ಮರದ ಪ್ರತಿಮೆಯನ್ನಿರಿಸಿದುದು ಅಪರಾಧವೆನಿಸಿತು. ಅದರ ಕಾಲಡಿಯಲ್ಲಿ ಪ್ರಭುವು ನಡೆಯಬೇಕಾಗುವುದಷ್ಟೆ. ಪಾತ್ರೆಗಳನ್ನು ಅತಿಯಾದ ಬೆಲೆಗೆ ಮಾರಿದನೆಂಬ ಆರೋಪವೂ ಸೇರಿತು. ವರ್ತಕರ ಮಗನು ಸರಳವಾದ ಮಣ್ಣಿಗೆ ಬೆಲೆ ಕಟ್ಟುತ್ತಿದ್ದುದು ದಿಟವೇ. ಆದರೆ ಅದು ಮರಣದಂಡನೆಗೆ ತಕ್ಕ ದೋಷವಲ್ಲ. ನಿಜವಾದ ಕಾರಣವನ್ನು ಕುರಿತು ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ. 1591ರ ಏಪ್ರಿಲ್ 21ರಂದು ರಿಕ್ಯೂ ಆಜ್ಞೆಯಂತೆ ತನ್ನ ಕೈಯಾರೆ ಪ್ರಾಣವನ್ನು ನೀಗಿದನು. 1902ರಲ್ಲಿ ಭಾರತದಲ್ಲಿದ್ದು ಠಾಕೂರರ ಮನೆತನಕ್ಕೆ ಆಪ್ತರಾದ ಒಕಾಕುರಾ ಅವರು, ಆತನ ಕಡೆಯ ಚಹದ ಕೂಟದ ವೃತ್ತಾಂತದಿಂದಲೇ 1906ರ ತಮ್ಮ ಚಹದ ಗ್ರಂಥವನ್ನು ಮುಗಿಸಿದ್ದಾರೆ.

ಮುಂದೆ ಹಿದೆಯೋಶಿಯೇ ಮನೆತನದವರಿಗೆ ಮರಳಲು ಅನುಮತಿಯಿತ್ತನು. ಮೊಮ್ಮಗ ಸೋತನ್‌ನ ಮಕ್ಕಳಿಂದ ಮೂರು ಪರಂಪರೆಗಳು ಕವಲೊಡೆದು ಈಗಲೂ ನಡೆದಿವೆ. ಕ್ಯೋಟೋವಿನ ರಾಕು ಮನೆತನದಲ್ಲಿ ಹದಿನಾರನೆಯ ತಲೆಮಾರಿನವರು ಇಂದಿಗೂ ತಿಗರಿಯಿಲ್ಲದೆ, ಕೈಯಿಂದಲೇ ಬಟ್ಟಲನ್ನು ಮಾಡುತ್ತಿದ್ದಾರೆ.