ಕೆನ್ನೆಗೆ ಬರೆ ಬಿದ್ದ ಕೆತ್ತನೆಗಾರ ಫೈಟ್ ಸ್ಟೋಸ್

ಪೋಲೆಂಡಿನ ಕ್ರಾಕೋವ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಸಂತ ಎರಡನೇ ಜಾನ್ ಪೌಲ್. 1986ರಲ್ಲಿ ಮಂಗಳೂರಿಗೂ ಬಂದಿದ್ದ ಅವರು ಪೋಪ್ ಆಗುವ ಮೊದಲು ಆ ನಗರದ ಮಹಾಧರ್ಮಾಧ್ಯಕ್ಷರಾಗಿದ್ದರು. ಅಲ್ಲಿನ ಸಂತ ಮೇರಿ ಬೆಸಿಲಿಕಾದ ಮರದ ಪೀಠ ಕೆತ್ತಿದವರು ಫೈಟ್ ಸ್ಟೋಸ್.

1447ರ ಸುಮಾರಿಗೆ ಜರ್ಮನಿಯ ಹೋರ್ಬ್ ಎಂಬಲ್ಲಿ ಹುಟ್ಟಿದ ಇವರು 1477ರಲ್ಲಿ ನ್ಯೂರೆಂಬರ್ಗ್ ಪಟ್ಟಣದ ಪೌರತ್ವ ತೊರೆದು ಕ್ರಾಕೋವ್ ಸೇರಿದರು. ಹನ್ನೆರಡು ವರ್ಷ ದುಡಿದು 1489ರಲ್ಲಿ ಪೀಠವನ್ನು ಪೂರ್ತಿಗೊಳಿಸಿದರು. ಎತ್ತರ ಸುಮಾರು 13 ಮೀಟರ್, ಅಗಲ 11 ಮೀಟರ್. ನಟ್ಟನಡುವೆ, ಪ್ರೇಷಿತರು ಸುತ್ತುವರಿದಿರಲು ಮೊಣಕಾಲೂರಿ ಕುಸಿಯುತ್ತಾ ಪ್ರಾಣ ಬಿಡುತ್ತಿರುವ ಮಾತೆ ಮರಿಯಮ್ಮನವರು. ದೊಡ್ಡ ಪ್ರತಿಮೆಗಳು 2.7 ಮೀಟರಿನಷ್ಟು ಎತ್ತರವಿವೆ. ಪ್ರೇಷಿತರ ಕೈಯ ಉಬ್ಬಿದ ನರಗಳು, ಮುಖದ ಸುಕ್ಕುಗಳು ಜೀವಂತ ಮುದುಕರದ್ದೇ ಎನ್ನಬೇಕು. ಚೌಕಟ್ಟು ಓಕ್ ಮರದ್ದು, ಪ್ರತಿಮೆಗಳು ಲಿಂಡನ್ ಮರದವು. ಲಿಂಡನ್ ಬಹಳ ಮೆದು. ಉಳಿಗೆ ಸುಲಭ, ಹುಳಕ್ಕೂ ಸುಲಭ! ಒಣಗುವಾಗ ಮರ ಸೀಳದಿರಲೆಂದು ಆ ಕಾಲದ ಕೆತ್ತನೆಗಾರರು ಪ್ರತಿಮೆಯ ಬೆನ್ನನ್ನು ಕೊರೆದು ಟೊಳ್ಳು ಮಾಡುತ್ತಿದ್ದರು.

1496ರಲ್ಲಿ ನ್ಯೂರೆಂಬರ್ಗಿಗೆ ಮರಳಿದ ಮೇಲೆ ಕಷ್ಟ ಶುರುವಾಯಿತು. ವ್ಯಾಪಾರಕ್ಕೆ ಹಾಕಿದ ಹಣ ಮುಳುಗಿತು. ಅದನ್ನು ವಾಪಸು ಪಡೆಯಲು ಇವರು ವ್ಯಾಪಾರಿಯೊಬ್ಬನ ಹೆಸರಿನಲ್ಲಿ ನಕಲಿ ಸಾಲಪತ್ರ ಸೃಷ್ಟಿಸಿ ಸಿಕ್ಕಿಬಿದ್ದರು. 1503ರಲ್ಲಿ ಎರಡೂ ಕೆನ್ನೆಗಳಿಗೆ ಕಾದ ಕಬ್ಬಿಣದ ಬರೆ ಹಾಕಲಾಯಿತು. ಊರು ಬಿಡಬಾರದೆಂಬ ಆಜ್ಞೆಯೂ ಆಯಿತು. ಆದರೂ ಮ್ಯೂನರ್‌ಸ್ಟಾಟ್ ಎಂಬ ಊರಿಗೆ ಓಡಿಹೋಗಿ, ಅಲ್ಲಿ ರೀಮೆನ್‌ಷ್ನೈಡರ್ ಕೆತ್ತಿದ್ದ ಪೀಠಕ್ಕೆ ಬಣ್ಣ ಹಚ್ಚಿದರು. 1506ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕ್ಷಮೆ ನೀಡಿದನು.

ಇಷ್ಟೆಲ್ಲಾ ಅವಮಾನವಾದರೂ ಉಳಿ ಕೆಳಗಿಡಲಿಲ್ಲ. 1517-18ರಲ್ಲಿ ನ್ಯೂರೆಂಬರ್ಗಿನ ಸಂತ ಲಾರೆನ್ಸ್ ದೇವಾಲಯಕ್ಕೆ ಗಬ್ರಿಯೇಲ್ ದೂತನು ಮರಿಯಮ್ಮನವರಿಗೆ ಸಂದೇಶ ತಂದ ದೃಶ್ಯವನ್ನು ಕೆತ್ತಿಕೊಟ್ಟರು. ಮಾಡಿನಿಂದ ತೂಗುಹಾಕಿದ್ದ ಅದು 1817ರಲ್ಲಿ ಬಿದ್ದು ಚೂರಾದಾಗ ತುಂಡುಗಳನ್ನು ಹೆಕ್ಕಿ ಮತ್ತೆ ಜೋಡಿಸಿದರು. ಕಾರ್ಮೆಲ್ ಮಠದ ಮುಖ್ಯಸ್ಥರಾಗಿದ್ದ ಮಗ ಆಂಡ್ರಿಯಾಸ್ ಕೋರಿಕೆಯಂತೆ ಕೆತ್ತಿದ ಕೊನೆಯ ಪೀಠ ಈಗ ಬಾಂಬರ್ಗ್ ಕಥೆಡ್ರಲಿನಲ್ಲಿದೆ. ಪೂರ್ತಿ ಹಣ ಕೈಸೇರಲೇ ಇಲ್ಲ. 1533ರಲ್ಲಿ ಸ್ಟೋಸ್ ತೀರಿಕೊಂಡರು.

ಕ್ರಾಕೋವಿನ ಪೀಠಕ್ಕೂ ಗಂಡಾಂತರ ತಪ್ಪಲಿಲ್ಲ. 1939ರಲ್ಲಿ ಯುದ್ಧದ ಭಯದಿಂದ ಪ್ರತಿಮೆಗಳನ್ನು ಕಳಚಿ ನದಿಯ ಮೂಲಕ ಸಾಗಿಸಿ ಬಚ್ಚಿಟ್ಟರು. ನಾಜಿಗಳು ಪತ್ತೆಹಚ್ಚಿ ನ್ಯೂರೆಂಬರ್ಗಿಗೆ, ಅಂದರೆ ಸ್ಟೋಸರಿಗೆ ಬರೆ ಹಾಕಿದ ಊರಿಗೇ, ಕೊಂಡೊಯ್ದರು! 1946ರಲ್ಲಿ ಪೋಲೆಂಡಿಗೆ ಹಿಂದಿರುಗಿದ ಪೀಠ ದೇವಾಲಯದೊಳಗೆ ಮತ್ತೆ ನಿಂತದ್ದು 1957ರಲ್ಲಿ.

2015ರಿಂದ 2021ರವರೆಗೆ ತಜ್ಞರು ಇದನ್ನು ಅಂಗುಲ ಅಂಗುಲವಾಗಿ ಶುಚಿಗೊಳಿಸಿದರು. ಹೊಸ ಬಣ್ಣ ಬಳಿಯುವುದು ಅವರ ಉದ್ದೇಶವಾಗಿರಲಿಲ್ಲ. ಹಬ್ಬ ಬಂತೆಂದು ಹಳೆಯ ಮರದ ಪ್ರತಿಮೆಗೆ ಎನಾಮೆಲ್ ಬಳಿಸುವ ನಮ್ಮ ಇಗರ್ಜಿಗಳವರು ಇದನ್ನು ಗಮನಿಸಬೇಕು. ಧೂಳು, ಮಸಿ, ನಂತರದವರು ಹಚ್ಚಿದ ಬಣ್ಣದ ಪದರಗಳನ್ನು ತೆಗೆಯುತ್ತಾ ಹೋದಂತೆ, ಅಡಿಯಲ್ಲಿ ಸ್ಟೋಸರ ಕಾಲದ ಬಣ್ಣವೇ ಕಾಣಿಸಿತು.